ಪ್ರಳಯದ ನಂತರದ ಕಳ್ಳರು

2015ರಲ್ಲಿ ಬಂದ ‘ಫಾಲ್‌ಔಟ್ 4’ ಎಂಬ ವಿಡಿಯೊ ಗೇಮ್ ಅಣುಯುದ್ಧ ಮುಗಿದು ಇನ್ನೂರು ವರ್ಷ ಕಳೆದ ಬಾಸ್ಟನ್ ನಗರದಲ್ಲಿ ನಡೆಯುತ್ತದೆ. ಅಲ್ಲಿನ ಹಳೆಯ ಸರ್ಕಾರಿ ಪಡಿತರ ಉಗ್ರಾಣವೊಂದನ್ನು ರೆಡ್ ಟುರೆಟ್ ಎಂಬ ದರೋಡೆಕೋರ ಹೆಂಗಸು ತನ್ನ ತಂಡ ಕಟ್ಟಿಕೊಂಡು ಆಕ್ರಮಿಸಿದ್ದಾಳೆ. ಆಟಗಾರ ಒಳನುಗ್ಗುತ್ತಾನೆ, ಎದುರಾದವರನ್ನೆಲ್ಲ ಹೊಡೆದುರುಳಿಸುತ್ತಾನೆ, ಕೊನೆಗೆ ಅವಳನ್ನೂ. ಎಲ್ಲ ತಣ್ಣಗಾದ ಮೇಲೆ ಅವಳ ಕಂಪ್ಯೂಟರ್ ತೆರೆದು ಓದಿದರೆ ಗೊತ್ತಾಗುವುದು ಬೇರೆಯೇ ಕತೆ: ಅವಳ ಸೋದರಿ ಲಿಲಿಯನ್ನು ಟವರ್ ಟಾಮ್ ಎಂಬ ಇನ್ನೊಬ್ಬ ಕಳ್ಳರ ನಾಯಕ ಒತ್ತೆಯಾಗಿ ಇಟ್ಟುಕೊಂಡಿದ್ದಾನೆ, ಇವಳು ಅದೇ ಚಿಂತೆಯಲ್ಲಿ ಬೇಯುತ್ತಿದ್ದಳು. ಟಾಮ್‌ನ ಅಡ್ಡೆಯಾದ ಹಳೆಯ ಬಿಯರ್ ಕಾರ್ಖಾನೆಗೂ ಹೋಗಿ ಅವನ ದಾಖಲೆ ನೋಡಿದರೆ ಲಿಲಿ ಆಗಲೇ ಸತ್ತಿದ್ದಾಳೆ. ಯಾರೋ ಒಬ್ಬ ಬರಹಗಾರ ಕೂತು, ಮನಸ್ಸಿಟ್ಟು ಬರೆದ ಪುಟ್ಟ ದುರಂತ ಇದು. ಆದರೆ ಇಷ್ಟು ಬರೆದ ಆಟ ಆ ಹೆಂಗಸಿನ ಜೊತೆ ಒಂದು ಮಾತಾಡುವ ಅವಕಾಶವನ್ನು ಮಾತ್ರ ಕೊಡುವುದಿಲ್ಲ. ಆಟಗಾರ ಕಣ್ಣಿಗೆ ಬಿದ್ದೊಡನೆ ಅವಳ ಕಡೆಯವರು ಗುಂಡು ಹಾರಿಸುತ್ತಾರೆ. ಅವಳ ಮನುಷ್ಯತ್ವ ಗೊತ್ತಾಗಬೇಕಾದರೆ ಮೊದಲು ಅವಳ ಹೆಣ ಬೀಳಬೇಕು.

1997ರ ಮೊದಲ ‘ಫಾಲ್‌ಔಟ್’ನಿಂದ ಹಿಡಿದು ‘ಸ್ಟಾಕರ್’, ‘ಮೆಟ್ರೊ 2033’, ‘ದಿ ಲಾಸ್ಟ್ ಆಫ್ ಅಸ್’, ‘ಡೇಜ಼ೀ’, ‘ರಸ್ಟ್’, ‘ಡೇಸ್ ಗಾನ್’ವರೆಗೆ ಲೋಕ ಮುಳುಗಿದ ನಂತರದ ಕತೆ ಹೇಳುವ ಗೇಮ್‌ಗಳು ಒಂದು ದೊಡ್ಡ ಪರಂಪರೆಯನ್ನೇ ಕಟ್ಟಿವೆ. ಇವು ಮನುಷ್ಯನನ್ನು ತೀರಾ ಕೆಟ್ಟವನನ್ನಾಗಿ ಚಿತ್ರಿಸುತ್ತವೆ, ಕೊಲೆ ಸುಲಿಗೆಗಳನ್ನು ಅತಿಯಾಗಿ ತೋರಿಸುತ್ತವೆ ಎಂಬ ಆಕ್ಷೇಪ ಹಳೆಯದು. ನನ್ನ ತಕರಾರು ಅದಲ್ಲ. ವ್ಯವಸ್ಥೆ ಕುಸಿದಾಗ ಅಪರಾಧ ನಡೆದೇ ನಡೆಯುತ್ತದೆ, ಕೆಲವೊಮ್ಮೆ ಈ ಆಟಗಳು ತೋರಿಸಲು ಹೆದರುವಷ್ಟು ಭೀಕರವಾಗಿ ನಡೆಯುತ್ತದೆ. ಆದರೆ ಅವು ತೋರಿಸುವ ಅಪರಾಧಿ ಬೇರೆ, ಚರಿತ್ರೆಯಲ್ಲಿ ಸಿಗುವ ಅಪರಾಧಿ ಬೇರೆ. ಗೇಮ್‌ನ ದರೋಡೆಕೋರನಿಗೆ ಊರಿಲ್ಲ, ಹೊಲವಿಲ್ಲ, ಹೆಂಡತಿ ಮಕ್ಕಳಿಲ್ಲ, ಮುದಿ ತಾಯಿಯಿಲ್ಲ. ಬಿಡಾರದ ಸುತ್ತ ಹೆಣಗಳನ್ನು ನೇತುಹಾಕಿಕೊಂಡು, ಯಾವ ಲಾಭವೂ ಇಲ್ಲದೆ, ಸಾಯುವವರೆಗೂ ಹೋರಾಡುತ್ತಾನೆ. ಮನುಷ್ಯ ಸ್ವಭಾವವನ್ನು ಅಧ್ಯಯನ ಮಾಡಿ ಹುಟ್ಟಿಸಿದ ಪಾತ್ರ ಇದು ಅನಿಸುವುದಿಲ್ಲ. ಆಟಗಾರನ ಕೈಗೆ ಬಂದೂಕು ಕೊಟ್ಟಾಗಿದೆ, ಹತ್ತಾರು ಗಂಟೆ ಅದಕ್ಕೆ ಕೆಲಸ ಕೊಡಬೇಕು, ಕೊಂದರೂ ಪಾಪ ಅಂಟದಂಥ ಮನುಷ್ಯರು ಬೇಕು. ಆ ಅಗತ್ಯದಿಂದ ಹುಟ್ಟಿದವನು ಇವನು.

ಅನಾಹುತದ ಹೊತ್ತಿನಲ್ಲಿ ಜನ ನಿಜಕ್ಕೂ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಊಹೆಗೆ ಬಿಟ್ಟ ವಿಷಯವೇನಲ್ಲ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1963ರಲ್ಲೇ ಎನ್ರಿಕೊ ಕ್ವಾರಂಟೆಲ್ಲಿ ಮತ್ತು ಸಂಗಡಿಗರು ವಿಪತ್ತುಗಳನ್ನು ಅಧ್ಯಯನ ಮಾಡುವ ಕೇಂದ್ರವೊಂದನ್ನು ಕಟ್ಟಿದರು. ಭೂಕಂಪ, ಚಂಡಮಾರುತ, ಸ್ಫೋಟ ಎಂದು ಒಂದೊಂದರ ಹಿಂದೆಯೂ ಹೋಗಿ ಅವರು ಕಂಡುಕೊಂಡದ್ದು ಸಿನಿಮಾಗಳು ಹೇಳುವುದಕ್ಕೆ ತದ್ವಿರುದ್ಧ. ಜನ ದಿಕ್ಕೆಟ್ಟು ಓಡುವುದು ಅಪರೂಪ, ಅವಶೇಷಗಳಡಿಯಿಂದ ಜನರನ್ನು ಮೊದಲು ಎಳೆದು ತೆಗೆಯುವವರು ಹೆಚ್ಚಾಗಿ ಅಕ್ಕಪಕ್ಕದವರೇ, ಪ್ರಕೃತಿ ವಿಕೋಪದ ನಂತರ ವ್ಯಾಪಕ ಲೂಟಿ ನಡೆಯುವುದೂ ವಿರಳ. 2005ರ ಕತ್ರಿನಾ ಚಂಡಮಾರುತ ಈ ಮಾತಿಗೆ ಅಪವಾದ ಎಂದು ಆಗ ಎಲ್ಲರೂ ನಂಬಿದ್ದರು. ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಆಶ್ರಯ ಪಡೆದ ಸಾವಿರಾರು ಜನರ ನಡುವೆ ಕೊಲೆ, ಅತ್ಯಾಚಾರಗಳ ಸರಮಾಲೆಯೇ ನಡೆದಿದೆ ಎಂಬ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಇನ್ನೂರು ಹೆಣ ಸಿಗಬಹುದೆಂದು ಶೀತಲೀಕೃತ ಲಾರಿ ತೆಗೆದುಕೊಂಡು ಹೋದ ವೈದ್ಯರ ತಂಡಕ್ಕೆ ಸಿಕ್ಕವು ಆರು. ನಾಲ್ವರದು ಸಹಜ ಸಾವು, ಒಬ್ಬರದು ಮಾದಕವಸ್ತು ಅತಿಯಾಗಿ, ಇನ್ನೊಂದು ಆತ್ಮಹತ್ಯೆಯೆಂದು ತೋರಿತು. ಅಂಗಡಿಗಳಿಂದ ಸಾಮಾನು ಹೋದದ್ದು ನಿಜ, ಅದರಲ್ಲಿ ನೀರು, ಡಯಾಪರ್, ಔಷಧಿಯ ಜೊತೆಗೆ ಟಿ.ವಿ.ಗಳೂ ಇದ್ದವು. ಆದರೆ ಆ ವಾರದ ಅತ್ಯಂತ ಕುಖ್ಯಾತ ಹತ್ಯೆ ನಡೆದದ್ದು ಸೆಪ್ಟೆಂಬರ್ 4ರಂದು, ಡ್ಯಾನ್‌ಜ಼ಿಗರ್ ಸೇತುವೆಯ ಮೇಲೆ. ನಿರಾಯುಧರಾಗಿ ನಡೆದು ಹೋಗುತ್ತಿದ್ದವರ ಮೇಲೆ ಗುಂಡು ಹಾರಿಸಿ ಇಬ್ಬರನ್ನು ಕೊಂದು, ನಾಲ್ವರನ್ನು ಗಾಯಗೊಳಿಸಿ, ಆಮೇಲೆ ಸುಳ್ಳು ವರದಿ ಬರೆದವರು ಪೊಲೀಸರು.

ಈ ವಾದಕ್ಕೊಂದು ಗಟ್ಟಿ ಉತ್ತರವಿದೆ. ಚಂಡಮಾರುತ ವಾರದ ಮಾತು. ಹೊರಗಿನಿಂದ ಸಹಾಯ ಬಂದೇ ಬರುತ್ತದೆ ಎಂಬ ಧೈರ್ಯ ಎಲ್ಲರಿಗೂ ಇರುತ್ತದೆ. ಹೊರಗೇ ಯಾರೂ ಉಳಿಯದೆ, ಹಸಿವು ವರ್ಷಗಟ್ಟಲೆ ಬೆಳೆದರೆ? ಆಗ ಪ್ರವಾಹದ ಉದಾಹರಣೆ ಬಿಟ್ಟು ಮುತ್ತಿಗೆಯ ಉದಾಹರಣೆ ನೋಡಬೇಕಾಗುತ್ತದೆ. 1941ರ ಸೆಪ್ಟೆಂಬರ್‌ನಿಂದ 1944ರ ಜನವರಿಯವರೆಗೆ 872 ದಿನ ಜರ್ಮನ್ ಸೈನ್ಯ ಲೆನಿನ್‌ಗ್ರಾಡನ್ನು ಸುತ್ತುವರಿದಿತ್ತು. ಮೊದಲ ಚಳಿಗಾಲದ ಅತಿ ಕೆಟ್ಟ ವಾರಗಳಲ್ಲಿ ಮಕ್ಕಳಿಗೂ ಅವಲಂಬಿತರಿಗೂ ದಿನಕ್ಕೆ ಸಿಗುತ್ತಿದ್ದದ್ದು 125 ಗ್ರಾಂ ಬ್ರೆಡ್ಡು, ಅದರಲ್ಲೂ ಹಿಟ್ಟಿನ ಜೊತೆ ಮರದ ಸೆಲ್ಯುಲೋಸ್ ಬೆರೆತಿತ್ತು. ಹಸಿವಿನಿಂದ ಸತ್ತವರ ಸಂಖ್ಯೆ ಲಕ್ಷಗಟ್ಟಲೆ. ನರಮಾಂಸ ತಿಂದ ಆರೋಪದ ಮೇಲೆ ಸೋವಿಯತ್ ಪೊಲೀಸರು ಬಂಧಿಸಿದವರು ಸುಮಾರು ಎರಡು ಸಾವಿರ ಮಂದಿ. ಹೆಣದ ಮಾಂಸ ತಿಂದವರು ಬೇರೆ, ತಿನ್ನಲೆಂದೇ ಕೊಂದವರು ಬೇರೆ ಎಂದು ಅವರ ದಾಖಲೆಗಳೇ ವಿಂಗಡಿಸುತ್ತವೆ. ಆಟಗಳ ಪರವಾಗಿ ವಾದಿಸುವವರು ಈ ಅಂಕಿಯನ್ನು ಎತ್ತಿ ತೋರಿಸಬಹುದು, ತೋರಿಸಲಿ. ಆದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಊರು ಅದು. ಸಿಕ್ಕಿಬಿದ್ದವರಲ್ಲಿ ವೃತ್ತಿಪರ ಅಪರಾಧಿಗಳು ಕಡಿಮೆ. ಕೆಲಸವಿಲ್ಲದ ಹೆಂಗಸರು, ಹೊರಗಿನಿಂದ ಓಡಿಬಂದ ನಿರಾಶ್ರಿತರು ಹೆಚ್ಚು. ಪಡಿತರದ ಸಾಲಿನಲ್ಲಿ ಕೊನೆಗೆ ನಿಂತವರು ಅಥವಾ ಸಾಲಿನಲ್ಲಿ ಜಾಗವೇ ಇಲ್ಲದವರು ಇವರು. ಅದೇ ಊರಿನಲ್ಲಿ, ಸಸ್ಯವಿಜ್ಞಾನಿ ವವಿಲೊವ್ ಕಟ್ಟಿದ ಸಂಸ್ಥೆಯ ಕೆಲವು ವಿಜ್ಞಾನಿಗಳು ಮೂಟೆಗಟ್ಟಲೆ ಬಿತ್ತನೆ ಬೀಜದ ನಡುವೆ ಕೂತು, ಅದನ್ನು ಮುಟ್ಟದೆ ಹಸಿದು ಸತ್ತರು.

ಇವೆರಡೂ ತುದಿಗಳು. ನಡುವೆ ಇದ್ದ ದಿನನಿತ್ಯದ ಅಪರಾಧವೇ ನನಗೆ ಹೆಚ್ಚು ಮುಖ್ಯವೆನಿಸುವುದು. ಲೆನಿನ್‌ಗ್ರಾಡಿನಲ್ಲಿ ಜನ ಅತಿಯಾಗಿ ಹೆದರುತ್ತಿದ್ದದ್ದು ಪಡಿತರ ಕಾರ್ಡಿನ ಕಳವಿಗೆ. ಕಾರ್ಡು ಹೋದರೆ ಆ ತಿಂಗಳು ಇನ್ನೊಂದು ಸಿಗುವುದು ದುರ್ಲಭವಾಗಿತ್ತು, ಅಂದರೆ ಅದನ್ನು ಕದ್ದವನು ಚಾಕು ತೆಗೆಯದೆಯೂ ಕೊಲೆ ಮಾಡುತ್ತಿದ್ದ. ಸತ್ತವರ ಕಾರ್ಡನ್ನು ತಿಂಗಳ ಕೊನೆಯವರೆಗೆ ಬಳಸಲು ಸಾವನ್ನೇ ಮುಚ್ಚಿಟ್ಟ ಮನೆಗಳಿದ್ದವು. ಬ್ರೆಡ್ ಅಂಗಡಿಗಳಲ್ಲಿ, ಊಟದ ಕೇಂದ್ರಗಳಲ್ಲಿ ತೂಕದಲ್ಲಿ ಹೊಡೆಯುವವರಿದ್ದರು. 1992ರಿಂದ 1996ರವರೆಗೆ ಮುತ್ತಿಗೆಗೆ ಸಿಕ್ಕಿದ ಸರಾಯೆವೊದಲ್ಲಿ ಕಾಳಸಂತೆ ನಗರದ ನಾಡಿಯೇ ಆಗಿಹೋಯಿತು. ಶತ್ರು ಪಾಳೆಯದವರ ಜೊತೆಗೂ ವ್ಯಾಪಾರ ನಡೆಯುತ್ತಿತ್ತು. ಯುದ್ಧ ಶುರುವಾದಾಗ ನಗರವನ್ನು ಉಳಿಸಿದವರಲ್ಲಿ ಹಳೆಯ ರೌಡಿಗಳೂ ಇದ್ದರು. ಮುಂದೆ ಅವರೇ ಸೈನ್ಯದ ಅಧಿಕಾರಿಗಳಾಗಿ ಸುಲಿಗೆ ಮಾಡಿದರು, ದಾರಿಹೋಕರನ್ನು ಕಂದಕ ತೋಡಲು ಎಳೆದುಕೊಂಡು ಹೋದರು, ಸರ್ಬ್ ನೆರೆಹೊರೆಯವರನ್ನು ಕೊಂದರು. ಕೊನೆಗೆ 1993ರ ಅಕ್ಟೋಬರ್‌ನಲ್ಲಿ ಸರ್ಕಾರವೇ ಅವರ ಮೇಲೆ ಕಾರ್ಯಾಚರಣೆ ನಡೆಸಬೇಕಾಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2021ರ ಕೊರೊನಾ ಎರಡನೇ ಅಲೆಯಲ್ಲಿ ಬೆಂಗಳೂರು ಕಂಡ ಅಪರಾಧವನ್ನು ನೆನೆಸಿಕೊಂಡರೆ ಸಾಕು: ರೆಮ್‌ಡೆಸಿವಿರ್ ಕಾಳಸಂತೆ, ನಕಲಿ ಔಷಧಿ, ಆಸ್ಪತ್ರೆ ಹಾಸಿಗೆ ಬ್ಲಾಕ್ ಮಾಡಿ ಮಾರಿಕೊಂಡ ಆರೋಪದ ಬಂಧನಗಳು. ಮುಖವಾಡ ಹಾಕಿ ಬಂದೂಕು ಹಿಡಿದವರು ಯಾರೂ ಬರಲಿಲ್ಲ. ಫೋನ್ ನಂಬರ್ ಇಟ್ಟುಕೊಂಡ ಮಧ್ಯವರ್ತಿಗಳು ಬಂದರು. ಅದೇ ವಾರಗಳಲ್ಲಿ ಗುರುತಿಲ್ಲದವರ ಹೆಣಗಳಿಗೆ ಸಂಸ್ಕಾರ ಮಾಡಿದ ಸ್ವಯಂಸೇವಕರೂ ಇದೇ ಊರಿನವರು.

ಈ ಅಳತೆಗೋಲು ಹಿಡಿದು ನೋಡಿದರೆ ಆಟಗಳ ಸಾಲು ಬೇರೆಯೇ ಕ್ರಮದಲ್ಲಿ ನಿಲ್ಲುತ್ತದೆ. ಉಕ್ರೇನಿನ ಕೀವ್‌ನಲ್ಲಿ ತಯಾರಾಗಿ 2007ರಲ್ಲಿ ಬಂದ ‘ಸ್ಟಾಕರ್’ನಲ್ಲಿ, ಚೆರ್ನೋಬಿಲ್ ಸುತ್ತಲಿನ ನಿಷಿದ್ಧ ವಲಯದ ರೈಲ್ವೆ ಸೇತುವೆಯ ಕೆಳಗೆ ಸೈನಿಕರು ಕಾವಲಿರುತ್ತಾರೆ. ದುಡ್ಡು ಬಿಚ್ಚಿದರೆ ದಾಟಲು ಬಿಡುತ್ತಾರೆ. ಇಡೀ ಪ್ರಕಾರದಲ್ಲಿ ಇಷ್ಟು ನಂಬಲರ್ಹವಾದ ಅಪರಾಧ ದೃಶ್ಯ ಇನ್ನೊಂದಿಲ್ಲ ಎಂದರೂ ತಪ್ಪಾಗಲಾರದು. ಸೋವಿಯತ್ ಒಕ್ಕೂಟ ಕುಸಿದದ್ದನ್ನು ಕಣ್ಣಾರೆ ಕಂಡ ತಲೆಮಾರಿನವರಿಗೆ ಕುಸಿತವೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾಮೂಲಿ ಕೊಡದೆ ಕೆಲಸ ಆಗದ ಸ್ಥಿತಿ ಅದು. ದ್ಮಿತ್ರಿ ಗ್ಲುಕೊವ್ಸ್ಕಿಯ ಕಾದಂಬರಿ ಆಧರಿಸಿದ ‘ಮೆಟ್ರೊ 2033’ ಇದೇ ನೆಲದ್ದು. ಮಾಸ್ಕೊದ ಸುರಂಗ ರೈಲಿನ ಒಂದೊಂದು ನಿಲ್ದಾಣವೂ ಅದರಲ್ಲಿ ಒಂದೊಂದು ಪುಟ್ಟ ರಾಜ್ಯ, ಅದಕ್ಕೆ ಗಡಿ, ಕಾವಲು, ಸಂತೆ, ಸಿದ್ಧಾಂತ. ಹಳೆಯ ಕಾಲದ ಒಳ್ಳೆಯ ತೋಟಾಗಳೇ ನಾಣ್ಯ, ಹಾಗಾಗಿ ಗುಂಡು ಹಾರಿಸುವವನು ದುಡ್ಡು ಸುಡುತ್ತಿದ್ದಾನೆ. ಹಿಂಸೆಗೆ ಖರ್ಚಿದೆ ಎಂಬ ಸರಳ ಸತ್ಯ ಹೆಚ್ಚಿನ ಆಟಗಳಿಗೆ ಹೊಳೆಯುವುದೇ ಇಲ್ಲ.

ಪೋಲೆಂಡಿನ ವಾರ್ಸಾದ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ತಂದ ‘ದಿಸ್ ವಾರ್ ಆಫ್ ಮೈನ್’ ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸರಾಯೆವೊದ ಮುತ್ತಿಗೆ ಅದಕ್ಕೆ ಪ್ರೇರಣೆ. ಪ್ರಳಯವೇನೂ ಆಗಿಲ್ಲ, ಒಂದು ನಗರಕ್ಕಷ್ಟೇ ಲೋಕ ಮುಗಿದಿದೆ. ಪೋಲಿಷ್ ಸರ್ಕಾರ ಇದನ್ನು ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಶಿಫಾರಸು ಮಾಡಿದ ಪಟ್ಟಿಗೆ ಸೇರಿಸುವುದಾಗಿ 2020ರಲ್ಲಿ ಪ್ರಕಟಿಸಿತು. ಆಟಗಾರನ ಕೈಗೆ ಸಿಗುವುದು ಸೈನಿಕನಲ್ಲ, ಒಬ್ಬ ಅಡುಗೆಯವ, ಒಬ್ಬ ಪತ್ರಕರ್ತೆ, ಒಬ್ಬ ಫುಟ್‌ಬಾಲ್ ಆಟಗಾರ. ರಾತ್ರಿ ಅವರಲ್ಲೊಬ್ಬರನ್ನು ಊಟ ಔಷಧಿ ಹುಡುಕಲು ಕಳಿಸಬೇಕು. ಒಂದು ಮನೆಯಲ್ಲಿ ವೃದ್ಧ ದಂಪತಿ ಇದ್ದಾರೆ, ಕಪಾಟಿನಲ್ಲಿ ಬೇಕಾದದ್ದೆಲ್ಲ ಇದೆ, ಅವರ ಕೈಯಲ್ಲಿ ಆಯುಧವಿಲ್ಲ. ಮುದುಕ ಹಿಂದೆ ಹಿಂದೆಯೇ ಬಂದು ಬೇಡಿಕೊಳ್ಳುತ್ತಾನೆ, ಅಷ್ಟೇ. ಕದ್ದುಕೊಂಡು ಬಂದರೆ ಆ ಹೊತ್ತಿಗೆ ಏನೂ ಆಗುವುದಿಲ್ಲ. ಮರುದಿನದಿಂದ ಕದ್ದವರ ಮನಸ್ಸು ಕುಸಿಯತೊಡಗುತ್ತದೆ, ಮನೆಯ ಉಳಿದವರೂ ಆ ವಿಷಯ ಎತ್ತುತ್ತಾರೆ, ಕೆಲವು ಸಲ ಯಾರೋ ಒಬ್ಬರು ಬದುಕುವ ಆಸೆಯನ್ನೇ ಬಿಡುತ್ತಾರೆ. ಮಹಾಭಾರತದ ಶಾಂತಿಪರ್ವದಲ್ಲಿ ಹನ್ನೆರಡು ವರ್ಷದ ಬರಗಾಲದ ನಡುವೆ ವಿಶ್ವಾಮಿತ್ರ ರಾತ್ರಿ ಹೊತ್ತು ಚಂಡಾಲನೊಬ್ಬನ ಗುಡಿಸಲಿಗೆ ನಾಯಿಯ ತೊಡೆ ಕದಿಯಲು ನುಗ್ಗುವ ಪ್ರಸಂಗವಿದೆ. ಎಚ್ಚರವಾದ ಮನೆಯವನು ಹೊಡೆಯಲು ಬಂದರೂ, ಬಂದವನು ಯಾರೆಂದು ತಿಳಿದ ಮೇಲೆ ಇಬ್ಬರೂ ಕೂತು ಧರ್ಮಾಧರ್ಮದ ಚರ್ಚೆ ಮಾಡುತ್ತಾರೆ. ಕದಿಯಬೇಡ ಎಂದು ಬುದ್ಧಿ ಹೇಳುವವನು ಚಂಡಾಲ, ಬದುಕಿ ಉಳಿದರೆ ಆಮೇಲೆ ಧರ್ಮ ಎನ್ನುವವನು ಋಷಿ. ಆಪತ್ಕಾಲದ ಅಪರಾಧವೆಂದರೆ ಹೀಗೆ ನಾಲಗೆ ಹೊರಳದ ಕಡೆಯೂ ವಾದ ಹೂಡಬೇಕಾದ ಸಂಗತಿ ಎಂಬುದು ನಮ್ಮ ಪುರಾಣಕಾರರಿಗೂ ವಾರ್ಸಾದ ಆ ಹುಡುಗರಿಗೂ ಗೊತ್ತಿದೆ.

ದರೋಡೆಯ ಅರ್ಥಶಾಸ್ತ್ರಕ್ಕೆ ಬಂದರೆ ಹೆಚ್ಚಿನ ಆಟಗಳು ಇನ್ನೂ ಎಡವುತ್ತವೆ. ಅಲೆಮಾರಿ ದರೋಡೆಕೋರ ಸಿಕ್ಕಿದ್ದನ್ನೆಲ್ಲ ದೋಚುತ್ತಾನೆ, ಮರುವರ್ಷ ದೋಚಲು ಏನೂ ಉಳಿಯುವುದಿಲ್ಲ. ಒಂದೇ ಕಡೆ ನೆಲೆನಿಂತವನು ತನ್ನ ಲಾಭಕ್ಕಾಗಿಯೇ ಜನರನ್ನು ಬಿತ್ತಲು ಬಿಡುತ್ತಾನೆ, ಬೇರೆ ಕಳ್ಳರನ್ನು ಓಡಿಸುತ್ತಾನೆ, ಸುಲಿಗೆಗೆ ಕಂದಾಯವೆಂದು ಹೆಸರಿಡುತ್ತಾನೆ. 1920ರ ದಶಕದ ಚೀನಾದ ಯುದ್ಧಪ್ರಭುಗಳನ್ನು ಕುರಿತು ಯೋಚಿಸುತ್ತ ಮಾನ್ಕರ್ ಓಲ್ಸನ್ ಎಂಬ ಅಮೆರಿಕನ್ ಅರ್ಥಶಾಸ್ತ್ರಜ್ಞ 1993ರಲ್ಲಿ ಈ ವಾದ ಮಂಡಿಸಿದ. ಪ್ರಳಯವಾಗಿ ಇನ್ನೂರು ವರ್ಷ ಕಳೆದರೂ ಊರಾಚೆ ಅಲೆಮಾರಿ ಕೊಲೆಗಡುಕರೇ ತುಂಬಿರುವ ‘ಫಾಲ್‌ಔಟ್ 4’ರ ಲೋಕ ಈ ಪ್ರಶ್ನೆಗೆ ಒಂದು ವಾರವೂ ನಿಲ್ಲದು. ಇವರು ಏನು ತಿನ್ನುತ್ತಾರೆ, ಯಾರಿಂದ ದೋಚುತ್ತಾರೆ? ಅದೇ ಸರಣಿಯ, ಆಬ್ಸಿಡಿಯನ್ ಎಂಬ ಬೇರೆ ಸಂಸ್ಥೆ 2010ರಲ್ಲಿ ಮಾಡಿದ ‘ನ್ಯೂ ವೇಗಸ್’ ಮಾತ್ರ ಇದನ್ನು ಬಲ್ಲದು. ಅದರಲ್ಲಿ ಸೀಜ಼ರ್ ಎಂದು ಕರೆದುಕೊಳ್ಳುವ ಸರ್ವಾಧಿಕಾರಿ ಜನರನ್ನು ಗುಲಾಮರಾಗಿಸುತ್ತಾನೆ, ಶಿಲುಬೆಗೇರಿಸುತ್ತಾನೆ. ಆದರೆ ಅವನ ಸೀಮೆಯ ದಾರಿಗಳಲ್ಲಿ ಕಳ್ಳರ ಭಯವಿಲ್ಲವೆಂದು ಹೊಗಳುವ ವ್ಯಾಪಾರಿಯೂ ಆಟದಲ್ಲಿ ಸಿಗುತ್ತಾನೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇನ್ನೂ ಬಾಕಿಯಿದೆ. ಬರೆದ ಪಾತ್ರಗಳ ಮಾತು ಬಿಡಿ, ನಿಜವಾದ ಮನುಷ್ಯರನ್ನೇ ಇಂಥ ಲೋಕಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಇಂಟರ್‌ನೆಟ್ ಮೂಲಕ ಆಡುವ ಆಟಗಳು ತೋರಿಸಿಕೊಟ್ಟಿವೆಯಲ್ಲ ಎಂಬುದು ಆ ಆಕ್ಷೇಪ. ನ್ಯೂಜಿಲೆಂಡಿನ ಮಾಜಿ ಸೈನಿಕ ಡೀನ್ ಹಾಲ್ 2012ರಲ್ಲಿ ಹುಟ್ಟುಹಾಕಿದ ‘ಡೇಜ಼ೀ’ಯಲ್ಲಿ ಆಟಗಾರರಿಗೆ ಯಾರೂ ಕೊಲ್ಲು ಎಂದು ಹೇಳಲಿಲ್ಲ. ಆದರೂ ಕಂಡಕೂಡಲೇ ಗುಂಡು ಹೊಡೆಯುವುದೇ ಅಲ್ಲಿ ರೂಢಿಯಾಯಿತು. ‘ರಸ್ಟ್’ ಆಡಿದವರಿಗೆ ಮಲಗಿದ್ದಾಗ ಮನೆ ದೋಚಿಸಿಕೊಂಡ ಅನುಭವ ಇದ್ದೇ ಇರುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಪ್ರಯೋಗದಲ್ಲಿ ಏನೇನು ಕೈಬಿಟ್ಟಿದೆ ಎಂದೂ ನೋಡಬೇಕು. ಸತ್ತವನು ಕೆಲವೇ ನಿಮಿಷದಲ್ಲಿ ಮತ್ತೆ ಹುಟ್ಟುತ್ತಾನೆ. ಹೆಸರು ಬದಲಿಸಿದರೆ ಹಳೆಯ ಪಾಪ ತೊಳೆದುಹೋಗುತ್ತದೆ. ಯಾರಿಗೂ ಮಗುವಿಲ್ಲ, ಮುಪ್ಪಿಲ್ಲ, ನಾಳೆ ಬಿತ್ತಬೇಕಾದ ಹೊಲವಿಲ್ಲ, ಮತ್ತೆ ಅದೇ ಮುಖ ನೋಡಬೇಕಾದ ನೆರೆಮನೆಯಿಲ್ಲ. ಮನುಷ್ಯರು ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಇರುವ ಕಾರಣಗಳನ್ನೆಲ್ಲ ಕಿತ್ತುಹಾಕಿ, ಬಂದೂಕು ಮಾತ್ರ ಉಳಿಸಿ, ಆಮೇಲೆ ನೋಡಿ ಇವರ ಸ್ವಭಾವ ಎಂದರೆ ಆ ಫಲಿತಾಂಶದ ಬೆಲೆ ಎಷ್ಟು?

ಆ ಕಾರಣಗಳಲ್ಲಿ ಒಂದೆರಡನ್ನು ವಾಪಸು ಇಟ್ಟರೂ ಚಿತ್ರ ಬದಲಾಗುತ್ತದೆ. 2018ರ ‘ಫಾಲ್‌ಔಟ್ 76’ ಬಿಡುಗಡೆಯಾದಾಗ ಅದರ ಲೋಕದಲ್ಲಿ ಆಟಗಾರರನ್ನು ಬಿಟ್ಟರೆ ಬೇರೆ ಮನುಷ್ಯ ಪಾತ್ರಗಳೇ ಇರಲಿಲ್ಲ. ಇನ್ನೊಬ್ಬರ ಮೇಲೆ ಕೈಮಾಡಲು ಅವಕಾಶವಿತ್ತು, ಆದರೆ ಎದುರಿನವರು ತಿರುಗಿ ಹೊಡೆಯದಿದ್ದರೆ ಹೊಡೆತ ಅಷ್ಟಾಗಿ ತಾಗದಂತೆ ನಿಯಮ ಮಾಡಿದ್ದರು, ಕೊಲೆಗಡುಕನ ತಲೆಗೆ ಬೆಲೆ ಕಟ್ಟುತ್ತಿದ್ದರು. ಆಟ ಮೊದಲಿಗೆ ಸಾಕಷ್ಟು ಬೈಗುಳ ತಿಂದರೂ, ಹಳಬರು ಹೊಸಬರ ಮುಂದೆ ಔಷಧಿ, ನೀರು, ಬಂದೂಕು ಇಟ್ಟು ಹೋಗುವ ರೂಢಿಗೇ ಹೆಸರಾಯಿತು. ಇನ್ನೂ ಒಳ್ಳೆಯ ಸಾಕ್ಷ್ಯ ಕೊರಿಯಾದ ‘ಆರ್ಕ್‌ಏಜ್’ ಎಂಬ ಆಟದಿಂದ ಬಂದಿದೆ. ಅದು ಈ ಪ್ರಕಾರಕ್ಕೆ ಸೇರಿದ್ದಲ್ಲ, ಆದರೆ ಅದರ ಪರೀಕ್ಷಾ ಆವೃತ್ತಿಗೆ ಒಂದು ನಿಶ್ಚಿತ ಪ್ರಳಯ ಕಾದಿತ್ತು: ಗೊತ್ತಾದ ದಿನ ಎಲ್ಲ ಪಾತ್ರಗಳೂ ಅಳಿಸಿಹೋಗಲಿದ್ದವು, ಶಿಕ್ಷೆಯ ಭಯವೂ ಅಲ್ಲಿಗೆ ಮುಗಿಯುತ್ತಿತ್ತು. ಸುಮಾರು 80 ಸಾವಿರ ಆಟಗಾರರ 27 ಕೋಟಿಗೂ ಹೆಚ್ಚು ದಾಖಲೆಗಳನ್ನು ಪರಿಶೀಲಿಸಿ ಸಂಶೋಧಕರು 2017ರಲ್ಲಿ ಪ್ರಕಟಿಸಿದ ವರದಿ ಹೇಳುವುದಿಷ್ಟು: ಕೆಲವರು ಕೊನೆಕೊನೆಗೆ ಕೊಲೆಗಿಳಿದರು, ಆದರೆ ಅದು ಸಾಂಕ್ರಾಮಿಕದಂತೆ ಹರಡಲಿಲ್ಲ. ಹೆಚ್ಚಿನವರು ತಮ್ಮ ಪಾತ್ರವನ್ನು ಬೆಳೆಸುವ ಕೆಲಸವನ್ನು ಕೈಬಿಟ್ಟರು, ಅವರ ಮಾತುಕತೆ ಮಾತ್ರ ತುಸು ಹೆಚ್ಚು ಸಂತೋಷದ್ದೇ ಆಗಿತ್ತು.

ಆಟವನ್ನು ಆಟವಾಗಿ ನೋಡಬಾರದೇ, ಇಷ್ಟೆಲ್ಲ ಪಂಚಾಯ್ತಿ ಏಕೆ ಎನ್ನುವವರಿದ್ದಾರೆ. ದರೋಡೆಕೋರರು ಬಯಲಾಟದ ರಕ್ಕಸರಿದ್ದಂತೆ, ಅವರ ವಾಸ್ತವತೆ ಯಾರಿಗೆ ಬೇಕು ಎಂದು ಅವರು ಕೇಳಬಹುದು. ರಕ್ಕಸನನ್ನು ರಕ್ಕಸನೆಂದೇ ಕುಣಿಸಿದರೆ ನನ್ನದೇನೂ ಅಭ್ಯಂತರವಿಲ್ಲ. ಆದರೆ ಈ ಆಟಗಳ ಜಾಹೀರಾತು, ಸಂಭಾಷಣೆ, ವಿಮರ್ಶೆ ಎಲ್ಲವೂ ಮನುಷ್ಯನ ಮುಖವಾಡ ಕಳಚಿ ಒಳಗಿನ ನಿಜ ತೋರಿಸುತ್ತೇವೆ ಎನ್ನುವ ಧಾಟಿಯಲ್ಲಿವೆ, ಆ ಮಾತನ್ನು ಪರೀಕ್ಷಿಸಲೇಬೇಕು. ಆ ನಂಬಿಕೆಗೆ ಆಟದ ಹೊರಗೂ ಬೆಲೆ ತೆರಬೇಕಾಗುತ್ತದೆ. ಕತ್ರಿನಾದ ವೇಳೆ ನ್ಯೂ ಆರ್ಲಿಯನ್ಸ್‌ನ ಮೇಯರ್ ಸುಮಾರು 1,500 ಪೊಲೀಸರನ್ನು ರಕ್ಷಣಾ ಕಾರ್ಯದಿಂದ ಹಿಂದಕ್ಕೆ ಕರೆಸಿ ಲೂಟಿ ತಡೆಯಲು ಕಳಿಸಿದ. ಮಾಡಿನ ಮೇಲೆ ಜನ ಇನ್ನೂ ಕಾಯುತ್ತಿದ್ದರು.

ಹಾಗೆಂದು ಮನುಷ್ಯ ಮೂಲತಃ ಸಾಧು ಎಂಬ ತೀರ್ಮಾನಕ್ಕೆ ಹಾರುವುದೂ ಬೇಡ. 1977ರ ಜುಲೈಯಲ್ಲಿ ಒಂದು ರಾತ್ರಿ ಕರೆಂಟ್ ಹೋದಾಗ ನ್ಯೂಯಾರ್ಕಿನಲ್ಲಿ 1,600ಕ್ಕೂ ಹೆಚ್ಚು ಅಂಗಡಿಗಳಿಗೆ ಹಾನಿಯಾಯಿತು. 1965ರಲ್ಲೂ 2003ರಲ್ಲೂ ಅದೇ ಊರು ಅದೇ ಕತ್ತಲೆಯನ್ನು ಬಹುಮಟ್ಟಿಗೆ ಶಾಂತವಾಗಿ ಕಳೆಯಿತು. ನಡುವೆ ಬದಲಾದದ್ದು ಮನುಷ್ಯ ಸ್ವಭಾವವಲ್ಲ, ನಗರದ ದಿವಾಳಿತನ ಮತ್ತು ನಿರುದ್ಯೋಗ. ಇನ್ನು ಇಪ್ಪತ್ತನೇ ಶತಮಾನದ ಕೊನೆಯ ಮಹಾ ಹತ್ಯಾಕಾಂಡವನ್ನು ನೋಡಿದರೆ, 1994ರ ರುವಾಂಡಾದಲ್ಲಿ ನೂರು ದಿನಗಳಲ್ಲಿ ಲಕ್ಷಾಂತರ ಜನ ಸತ್ತಾಗ ಆಡಳಿತ ಕುಸಿದಿರಲಿಲ್ಲ, ದಕ್ಷವಾಗಿಯೇ ನಡೆಯುತ್ತಿತ್ತು. ರಸ್ತೆ ತಡೆಗಳಲ್ಲಿ ಗುರುತಿನ ಚೀಟಿ ನೋಡಿ ಜನಾಂಗ ವಿಚಾರಿಸುತ್ತಿದ್ದರು, ರೇಡಿಯೊದಲ್ಲಿ ಹೆಸರು ಓದುತ್ತಿದ್ದರು, ಸ್ಥಳೀಯ ಅಧಿಕಾರಿಗಳು ಊರವರನ್ನು ಗುಂಪುಗೂಡಿಸಿ ಕಳಿಸುತ್ತಿದ್ದರು. ಸರ್ಕಾರ ಹೋದರೆ ಮನುಷ್ಯ ಮೃಗವಾಗುತ್ತಾನೆ ಎನ್ನುವ ಆಟಗಳು, ಸರ್ಕಾರವೇ ಮೃಗವಾದಾಗ ಒಳ್ಳೆಯ ನೆರೆಯವನು ಏನಾಗುತ್ತಾನೆ ಎಂಬ ಪ್ರಶ್ನೆಯ ಹತ್ತಿರ ಸುಳಿಯುವುದೇ ಅಪರೂಪ. 2020ರ ‘ದಿ ಲಾಸ್ಟ್ ಆಫ್ ಅಸ್’ ಎರಡನೇ ಭಾಗ ಒಂದಿಷ್ಟು ಪ್ರಯತ್ನಿಸಿದೆ. ಅದರಲ್ಲಿ ಒಬ್ಬನನ್ನು ಕೊಂದರೆ ಜೊತೆಗಿದ್ದವರು ಅವನ ಹೆಸರು ಕೂಗಿ ಅಳುತ್ತಾರೆ. ಅಷ್ಟಾದರೂ ಮುಂದಿನ ಕೋಣೆಯಲ್ಲಿ ಮತ್ತೆ ಕೊಲ್ಲದೆ ದಾರಿಯಿಲ್ಲ.

‘ದಿಸ್ ವಾರ್ ಆಫ್ ಮೈನ್’ ಮಾಡಿದವರೇ 2018ರಲ್ಲಿ ತಂದ ‘ಫ್ರಾಸ್ಟ್‌ಪಂಕ್’ ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಳ್ಳುತ್ತದೆ. ಹಿಮಯುಗ ಬಂದು ಲೋಕ ಹೆಪ್ಪುಗಟ್ಟಿದೆ, ಉಳಿದದ್ದು ಒಂದು ಕಲ್ಲಿದ್ದಲ ಯಂತ್ರದ ಸುತ್ತಲಿನ ಊರು, ಆಟಗಾರನೇ ಅದರ ಮುಖ್ಯಸ್ಥ. ಅವನ ಕೈಯಲ್ಲಿ ಬಂದೂಕಿಲ್ಲ, ಒಂದು ಕಾನೂನು ಪುಸ್ತಕವಿದೆ. ಮಕ್ಕಳನ್ನು ಕೆಲಸಕ್ಕೆ ಹಚ್ಚಬಹುದು, ಊಟಕ್ಕೆ ಮರದ ಹೊಟ್ಟು ಬೆರೆಸಬಹುದು, ಕಾವಲುಗಾರರ ಪಡೆ ಕಟ್ಟಬಹುದು, ಸೆರೆಮನೆ ಕಟ್ಟಬಹುದು. ಒಂದೊಂದು ಕಾನೂನಿಗೂ ಆ ಹೊತ್ತಿಗೆ ಒಪ್ಪುವಂಥ ಕಾರಣವಿದೆ, ಹೊರಗೆ ಶೂನ್ಯಕ್ಕಿಂತ ಹತ್ತಾರು ಡಿಗ್ರಿ ಕೆಳಗಿನ ಚಳಿಯಿದೆ. ಕೊನೆಯ ಕಾನೂನಿಗೆ ಸಹಿ ಹಾಕಿದಾಗ ಪರದೆಯ ಮೇಲೆ ಅಲ್ಲಿಯವರೆಗೂ ಇದ್ದ ಜನರ ಭರವಸೆಯ ಅಳತೆಪಟ್ಟಿ ಮಾಯವಾಗುತ್ತದೆ, ಇನ್ನು ಅದನ್ನು ಅಳೆಯುವ ಅಗತ್ಯವಿಲ್ಲ. ಆಟದ ಕೊನೆಯಲ್ಲಿ ಬರುವ ಛೀಮಾರಿಯ ಧಾಟಿ ಹಲವು ಆಟಗಾರರಿಗೆ ಹಿಡಿಸಲಿಲ್ಲ, ಊರನ್ನು ಉಳಿಸಿದ್ದಕ್ಕೆ ನಮಗೇ ಬೈಯುವುದೇ ಎಂದು ಅವರು ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದೂ ಹೌದು, ಅಪರಾಧ ಎಸಗಿದ ಆಡಳಿತಗಾರರೆಲ್ಲ ಕೊಟ್ಟುಕೊಂಡು ಬಂದ ಸಮಜಾಯಿಷಿಯೂ ಹೌದು.